ನಿಧಾನವೇ ಪ್ರಧಾನ (ತೆರಿಗೆ ಪ್ರತ್ಯೇಕ)

ಘಾಟಿಯ ತಿರುವುಗಳಲ್ಲಿ, ಲಾರಿಗಳ ಬೆನ್ನ ಮೇಲೆ ಇಷ್ಟು ವರ್ಷ ಪುಕ್ಕಟೆಯಾಗಿ ಸಿಗುತ್ತಿದ್ದ ‘ನಿಧಾನವೇ ಪ್ರಧಾನ’ ಎಂಬ ಉಪದೇಶಕ್ಕೆ ಈಗ ದರಪಟ್ಟಿ ಬಂದಿದೆ. ಅವಸರದಲ್ಲಿ ದುಡ್ಡು ಮಾಡಿದವರು ಅದನ್ನು ಸಾವಕಾಶವಾಗಿ ಕಳೆಯಲು ಹೊರಟಿದ್ದಾರೆ. ಈ ‘ಸಾವಕಾಶ ವಿಲಾಸ ಪ್ರಯಾಣ’ದ ಕರಪತ್ರ ನಂಬುವುದಾದರೆ ಇದು ಪ್ರವಾಸವೇ ಅಲ್ಲ, ತನ್ನನ್ನು ತಾನು ಕಂಡುಕೊಳ್ಳುವ ಸಾಧನೆ. ಹಿಂದಿನವರು ಇದಕ್ಕೆ ಕಾಡಿಗೆ ಹೋಗಿ ಗಡ್ಡ ಬಿಡುತ್ತಿದ್ದರು. ಈಗ ಮುಂಗಡ ಕಟ್ಟಿದರೆ ಸಾಕು.

ದೂರ ಹೋಗುವುದು ಬೇಡ, ನಮ್ಮದೇ ವಿಲಾಸಿ ರೈಲು ಗೋಲ್ಡನ್ ಚಾರಿಯಟ್ ಇದೆಯಲ್ಲ. 2008ರಲ್ಲಿ ಹಳಿಗೆ ಇಳಿದ ಈ ಸುವರ್ಣ ರಥ ನಡುವೆ ವರ್ಷಗಟ್ಟಲೆ ನಿಂತು, 2024ರ ಡಿಸೆಂಬರ್‌ನಲ್ಲಿ ಮತ್ತೆ ಹೊರಟಿತು. ನಿಧಾನ ಪ್ರಯಾಣದಲ್ಲಿ ನಿಲುಗಡೆಯೂ ಒಂದು ಅಂಗವೇ ಆದ್ದರಿಂದ ಅದನ್ನು ಯಾರೂ ದೂರಬಾರದು. ಹೆಸರು ಬಂದದ್ದು ಹಂಪಿಯ ಕಲ್ಲಿನ ರಥದಿಂದ, ಅಂದರೆ ಹುಟ್ಟಿದಂದಿನಿಂದ ಅಲುಗಾಡದ ರಥದಿಂದ. ಅದೇ ರಥದ ಚಿತ್ರ ಐವತ್ತು ರೂಪಾಯಿಯ ಹೊಸ ನೋಟಿನ ಮೇಲೂ ಇದೆ. ಅಂಥ ಎಂಟು ಸಾವಿರ ರಥಗಳನ್ನು ಎಣಿಸಿಕೊಟ್ಟರೆ, ಅಂದರೆ ನಾಲ್ಕು ಲಕ್ಷದ ಆಸುಪಾಸು ಕೊಟ್ಟರೆ, ಐದು ರಾತ್ರಿಯ ಮಟ್ಟಿಗೆ ಈ ರಥ ಏರಬಹುದು. ಜಿಎಸ್‌ಟಿ ಬೇರೆ.

ಬೋಗಿಗಳಿಗೆ ಇಟ್ಟ ಹೆಸರು ನೋಡಿ: ಕದಂಬ, ಗಂಗ, ಹೊಯ್ಸಳ, ರಾಷ್ಟ್ರಕೂಟ, ಚಾಲುಕ್ಯ, ಬಹಮನಿ, ಆದಿಲ್‌ಶಾಹಿ, ವಿಜಯನಗರ. 1565ರಲ್ಲಿ ಆನೆ ಕುದುರೆ ಕಟ್ಟಿಕೊಂಡು ಕಾದಾಡಿದವರನ್ನು ಒಂದೇ ಎಂಜಿನ್ನಿಗೆ ಕಟ್ಟಿ ಎಳೆಯುವುದು ಕಡಿಮೆ ಸಾಧನೆಯಲ್ಲ. ಆದಿಲ್‌ಶಾಹಿಯ ಅತಿಥಿ, ವಿಜಯನಗರದ ಅತಿಥಿ ಇಬ್ಬರೂ ‘ನಳಪಾಕ’ ಎಂಬ ಊಟದ ಬೋಗಿಯಲ್ಲಿ ಒಂದೇ ಸಾರಿನ ಪಾತ್ರೆಯ ಮುಂದೆ ನಿಲ್ಲುತ್ತಾರೆ, ಆಮೇಲೆ ‘ಮದಿರಾ’ದಲ್ಲಿ ಸಂಧಿ ಮಾಡಿಕೊಳ್ಳುತ್ತಾರೆ.

ಇಷ್ಟಾದ ಮೇಲೆ ಸಾವಕಾಶ ಎಷ್ಟಿದೆ ಎಂದು ಕಾರ್ಯಕ್ರಮ ಪಟ್ಟಿ ತೆರೆದರೆ ಎದೆ ಹೊಡೆದುಕೊಳ್ಳುತ್ತದೆ. ಬಂಡೀಪುರ, ಮೈಸೂರು, ಹಳೇಬೀಡು, ಚಿಕ್ಕಮಗಳೂರು, ಹಂಪಿ, ಗೋವಾ. ಇಷ್ಟನ್ನೂ ಆರು ಹಗಲಲ್ಲಿ ಮುಗಿಸಿ ಬೆಂಗಳೂರಿಗೆ ವಾಪಸ್. ನಮ್ಮ ಪ್ರೌಢಶಾಲೆಯ ಡ್ರಿಲ್ ಮೇಷ್ಟ್ರು ಸೀಟಿ ಊದುತ್ತ ನಮ್ಮನ್ನು ಓಡಿಸಿದ್ದೂ ಇದೇ ಜಾಡಿನಲ್ಲಿ. ಅವರ ಬಳಿ ರೇಷ್ಮೆಯ ಕರವಸ್ತ್ರ ಇರಲಿಲ್ಲ, ಅಷ್ಟೇ. ಹೊಯ್ಸಳೇಶ್ವರವನ್ನು ಕೆತ್ತಿದವರು ತಲೆಮಾರುಗಟ್ಟಲೆ ಕೆತ್ತಿಯೂ ಪೂರ್ತಿ ಮುಗಿಸದೆ ಹೋದರು. ನಿಧಾನ ಪ್ರವಾಸಿಗರು ಅದನ್ನು ಒಂದು ಹೊತ್ತಿನಲ್ಲಿ ಮುಗಿಸುತ್ತಾರೆ.

ಅಪ್ಪಟ ನಿಧಾನ ಬೇಕೆನ್ನುವವರು ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣಕ್ಕೆ ಹೋಗಬೇಕು. 55 ಕಿಲೋಮೀಟರ್, 57 ಸುರಂಗ, ಗಂಟೆಗೆ 30 ಕಿಲೋಮೀಟರ್ ದಾಟುವಂತಿಲ್ಲ. ಈ ವೇಗವನ್ನು ಯಾವ ಆತಿಥ್ಯ ಸಲಹೆಗಾರನೂ ರೂಪಿಸಿದ್ದಲ್ಲ. ಇಳಿಜಾರು, ಜಾರುವ ಮಣ್ಣು, ಕೊರಕಲು ಸೇರಿ ನಿಗದಿ ಮಾಡಿದ್ದು. ಹಗಲಲ್ಲಿ ಹೋಗುವ ಯಶವಂತಪುರ–ಮಂಗಳೂರು ಗಾಡಿಗೆ 2021ರ ಜುಲೈನಲ್ಲಿ ವಿಸ್ಟಾಡೋಮ್ ಬೋಗಿಗಳನ್ನು ಜೋಡಿಸಿದರು. ಗಾಜಿನ ಮಾಡು, ತಿರುಗುವ ಕುರ್ಚಿ. ಐವತ್ತೇಳು ಸಲ ಕತ್ತಲನ್ನು ತಲೆ ಎತ್ತಿ ನೋಡಲು ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಸಿಗದು. ಅದೇ ಗಾಡಿಯಲ್ಲಿ ಸಾಮಾನ್ಯ ಬೋಗಿಯೂ ಇದೆ. ಅಲ್ಲಿ ಕಿಟಕಿಗೆ ಇರುವುದು ಕಬ್ಬಿಣದ ಸರಳು. ಸುರಂಗ ಬಂದ ಕೂಡಲೇ ಮಕ್ಕಳು ಒಂದೇ ಸಮನೆ ಕೂಗುತ್ತವೆ, ಗೋಡೆ ತಿರುಗಿ ಕೂಗುತ್ತದೆ, ಹೊರಗೆ ಬಂದೊಡನೆ ಜಲಪಾತದ ತುಂತುರು ಯಾರದೋ ಚಿತ್ರಾನ್ನದ ಡಬ್ಬಿಗೆ ಬೀಳುತ್ತದೆ. ಗಾಜಿನವರಿಗೆ ಮಳೆ ಕಾಣಿಸುತ್ತದೆ. ಸರಳಿನವರಿಗೆ ಮಳೆ ಮೊಣಕೈವರೆಗೆ ಬರುತ್ತದೆ. ಎಡಕುಮೇರಿ ನಿಲ್ದಾಣದಲ್ಲಿ ಎದುರು ಗಾಡಿಗೆ ದಾರಿ ಬಿಡಲು ನಿಂತರೆ ಗಾಜಿನ ಬೋಗಿಯಲ್ಲಿ ಪಟ ತೆಗೆಯುವ ಸಂಭ್ರಮ, ಸರಳಿನ ಬೋಗಿಯಲ್ಲಿ “ಇನ್ನೂ ಎಷ್ಟು ಹೊತ್ತು ಸ್ವಾಮಿ?” ಎಂಬ ವಿಚಾರಣೆ. ಎಂಜಿನ್ ಒಂದೇ, ಹಳಿ ಒಂದೇ, ತಡವೂ ಒಂದೇ. ದರ ಮಾತ್ರ ಹಲವು.

ಬಡವರಿಗೂ ಈ ವಿಲಾಸದ ರುಚಿ ಹತ್ತಲಿ ಎಂದು ರೈಲ್ವೆ ಒಮ್ಮೆ ಪ್ರಯತ್ನಿಸಿತ್ತು ಎಂಬುದನ್ನು ನಾವು ಮರೆತಿದ್ದೇವೆ. ಕೊರೊನಾ ಕಾಲದಲ್ಲಿ ನಿಂತ ಪ್ಯಾಸೆಂಜರ್ ಗಾಡಿಗಳು ಮರಳಿ ಬಂದಾಗ ಅವುಗಳಿಗೆ ಎಕ್ಸ್‌ಪ್ರೆಸ್ ದರ ಅಂಟಿತ್ತು. ಕನಿಷ್ಠ ಟಿಕೆಟ್ 10 ರೂಪಾಯಿಯಿಂದ 30ಕ್ಕೆ ಏರಿತು. ನಿಲ್ದಾಣಗಳು ಅವೇ, ಕ್ರಾಸಿಂಗಿಗೆ ಕಾಯುವುದೂ ಅದೇ. ಸೊಪ್ಪಿನ ಗಂಟು ಹೊತ್ತವರು, ಗಾರೆ ಕೆಲಸಕ್ಕೆ ಹೊರಟವರು ಮೂರು ಪಟ್ಟು ಕೊಟ್ಟು ಹಳೆಯ ನಿಧಾನವನ್ನೇ ಅನುಭವಿಸಿದರು. 2024ರ ಫೆಬ್ರುವರಿಯಲ್ಲಿ ದರ ಮತ್ತೆ ಹತ್ತಕ್ಕೆ ಇಳಿಯಿತು. ಇದನ್ನು ಸುಲಿಗೆ ಎಂದವರುಂಟು. ನನ್ನ ಎಣಿಕೆಯಲ್ಲಿ ಅದು ಸಾವಕಾಶ ವಿಲಾಸ ಪ್ರಯಾಣದ ಜನತಾ ಆವೃತ್ತಿ. ಕರಪತ್ರ ಅಚ್ಚು ಹಾಕಿಸುವುದನ್ನು ಮರೆತದ್ದರಿಂದ ಕೆಟ್ಟಿತು. ಜೊತೆಗೆ ಆ ಪ್ರಯಾಣಿಕರಲ್ಲಿ ಇನ್ನೊಂದು ಕೊರತೆಯೂ ಇತ್ತು: ಇಳಿದ ಮೇಲೆ ಅವರಿಗಾಗಿ ಮೇಸ್ತ್ರಿಯೊಬ್ಬ ಗಡಿಯಾರ ನೋಡುತ್ತ ನಿಂತಿರುತ್ತಿದ್ದ. ನಾಲ್ಕು ಲಕ್ಷ ಕೊಟ್ಟವರು ನಿಜವಾಗಿ ಕೊಳ್ಳುವುದು ರೇಷ್ಮೆ ಹಾಸಿಗೆಯನ್ನಲ್ಲ, ಆ ಮೇಸ್ತ್ರಿ ಇಲ್ಲದ ನಿಲ್ದಾಣವನ್ನು.

ಇನ್ನೂ ನಿಧಾನ ಬೇಕೆಂದರೆ ನೀರಿಗಿಳಿಯಬೇಕು. 2023ರ ಜನವರಿಯಲ್ಲಿ ವಾರಾಣಸಿಯಿಂದ ದಿಬ್ರುಗಢಕ್ಕೆ ಹೊರಟ ಗಂಗಾ ವಿಲಾಸ್ ಹಡಗಿಗೆ ಸುಮಾರು 3,200 ಕಿಲೋಮೀಟರ್ ಸಾಗಲು 51 ದಿನ ಇಟ್ಟಿದ್ದರು. ಹಗಲು ರಾತ್ರಿ ಸೇರಿಸಿ ಭಾಗಿಸಿದರೆ ಗಂಟೆಗೆ ಮೂರು ಕಿಲೋಮೀಟರ್ ಕೂಡ ಬೀಳುವುದಿಲ್ಲ. ದಡದಲ್ಲಿ ನಡೆಯುವ ಎಮ್ಮೆ ಮುಂದೆ ಹೋಗಿ ತಿರುಗಿ ನೋಡಬಹುದು. ಟಿಕೆಟ್ಟಿನ ಬೆಲೆ ಹತ್ತಾರು ಲಕ್ಷ.

ಇದಕ್ಕಿಂತ ವೇಗವಾಗಿ ಹೋಗುವವರು ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯ ಪಾದಯಾತ್ರಿಗಳು. ಯುಗಾದಿಗೆ ಮೊದಲು ಕಂಬಿ ಹೊತ್ತು, ಕೆಲವರು ಮರಗಾಲು ಕಟ್ಟಿಕೊಂಡು, ಭೀಮನಕೊಳ್ಳ ಹತ್ತಿ ಇಳಿದು ಶ್ರೀಶೈಲದ ಮಲ್ಲಯ್ಯನ ಹತ್ತಿರ ಹೋಗುತ್ತಾರೆ. ದಾರಿಯುದ್ದಕ್ಕೂ ಜನ ಕೈಹಿಡಿದು ಕರೆದು ರೊಟ್ಟಿ, ಮಜ್ಜಿಗೆ ಕೊಡುತ್ತಾರೆ, ಕಾಲಿಗೆ ಎಣ್ಣೆ ತಿಕ್ಕುತ್ತಾರೆ, ದುಡ್ಡು ಮುಟ್ಟುವುದಿಲ್ಲ. ತನ್ನನ್ನು ತಾನು ಕಂಡುಕೊಂಡೆಯಾ ಎಂದು ಮರಗಾಲಿನವನನ್ನು ಯಾರೂ ಕೇಳುವುದಿಲ್ಲ. ಗುಳ್ಳೆ ಒಡೆಯಿತೇ ಎಂದು ಕೇಳುತ್ತಾರೆ.

ಈ ಸುದ್ದಿ ಅಧಿಕಾರಿಗಳ ಕಿವಿಗೆ ಬೀಳದಿದ್ದರೆ ಒಳ್ಳೆಯದು. ಬಿದ್ದರೆ ಮುಂದಿನ ಯುಗಾದಿಯ ಹೊತ್ತಿಗೆ ಮರಗಾಲಿಗೆ ಎತ್ತರದ ಪ್ರಕಾರ ಮೂರು ದರ್ಜೆ ಆಗುತ್ತದೆ, ಕೊಳ್ಳದ ಇಳಿಜಾರಿಗೆ ಗಾಜಿನ ಕಟಕಟೆ ಬರುತ್ತದೆ, ಎಣ್ಣೆ ತಿಕ್ಕುವ ಮುದುಕಿಗೆ ಸಮವಸ್ತ್ರ ಹೊಲಿಸಿ, ಕೊರಳಿಗೆ ಗುರುತಿನ ಚೀಟಿ ತೂಗುಹಾಕಿ, “ನಿಧಾನಕ್ಕೆ ತಿಕ್ಕಮ್ಮ, ಮೇಲಿನ ದರ್ಜೆಯವರು” ಎಂದು ಹೇಳಿಕೊಡಲು ಒಬ್ಬ ವ್ಯವಸ್ಥಾಪಕನನ್ನು ನೇಮಿಸುತ್ತಾರೆ.