ಬೆಂಗಳೂರಿನ ಹೊಸ ಹಸಿರು ಮೊದಲು ರಾಜಕಾಲುವೆ ಬದಿಗೇ ಹೋಗಬೇಕೆ?

ಪರ

ಬೆಂಗಳೂರು ದಿಣ್ಣೆಯ ಮೇಲಿನ ಊರು. ಬಿದ್ದ ಮಳೆ ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಕಣಿವೆಗಳಿಗೆ ಇಳಿಯುತ್ತದೆ. ಹಿಂದಿನವರು ಈ ಇಳಿಜಾರು ನೋಡಿಯೇ ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆ ಸೇರುತ್ತಿತ್ತು. ಆ ದಾರಿಗೆ ನಾವು ಅಡ್ಡ ಕೂತೆವು. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಬಂತು, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಕಡೆ ರಸ್ತೆಗಳಲ್ಲಿ ನೀರು ನಿಂತು ಜನ ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದದ್ದು ನೆನಪಿದೆ ಅಲ್ವಾ?

ಅದಕ್ಕೇ ಹಸಿರಿಗೆ ಅಂತ ಇಡುವ ಹಣ ಮೊದಲು ತಗ್ಗಿಗೆ ಹೋಗಲಿ. ಕಾಲುವೆಯ ಎರಡೂ ಬದಿ ಮಣ್ಣು, ಹುಲ್ಲು, ಹೊಂಗೆ ಇದ್ದರೆ ಉಕ್ಕಿದ ನೀರಿಗೆ ಹರಡಲು ಜಾಗ ಸಿಗುತ್ತದೆ. ಒಂದಿಷ್ಟು ಇಂಗುತ್ತದೆ ಕೂಡ. ಜಕ್ಕೂರಿನಲ್ಲಿ ಶುದ್ಧೀಕರಿಸಿದ ಕೊಳಚೆ ನೀರು ಜೊಂಡು ಬೆಳೆದ ಜೌಗಿನ ಮೂಲಕ ಹಾದು ಕೆರೆ ಸೇರುತ್ತದೆ. ಇಂಥ ಕೆಲಸಕ್ಕೆ ತಗ್ಗೇ ಬೇಕು.

2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಯ ಸುತ್ತ 75 ಮೀಟರ್, ದೊಡ್ಡ ಕಾಲುವೆಯ ಪಕ್ಕ 50 ಮೀಟರ್ ಖಾಲಿ ಬಿಡಬೇಕು ಎಂದಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ನನಗೆ ಇದೇ ಭಯ: ಇಂದು ಖಾಲಿ ಇರುವ ತಗ್ಗು ನಾಳೆ ಸೈಟಾದರೆ ಮತ್ತೆ ಸಿಗುವುದಿಲ್ಲ. ಮರವನ್ನು ಬೀದಿಯಲ್ಲಿ ಮುಂದಿನ ವರ್ಷವೂ ನೆಡಬಹುದು.

ವಿರೋಧ

ಮುಂದಿನ ವರ್ಷ ಅಂತ ಎಷ್ಟು ವರ್ಷ? ಏಪ್ರಿಲ್ ಮಧ್ಯಾಹ್ನ ಚಿಕ್ಕಪೇಟೆಗೆ ಬನ್ನಿ. ಕಟ್ಟಡಕ್ಕೆ ಕಟ್ಟಡ ಅಂಟಿಕೊಂಡಿದೆ, ಗಾಳಿ ಆಡುವುದಿಲ್ಲ. ಮೂಟೆ ಹೊರುವವರು ಒಂದು ಗಳಿಗೆ ನಿಲ್ಲಲು ನೆರಳು ಹುಡುಕುತ್ತಾರೆ. ಲಾಲ್‌ಬಾಗ್ 240 ಎಕರೆ ಇದೆ, ನಿಜ. ಕೂಲಿ ಬಿಟ್ಟು ಅಲ್ಲಿಗೆ ಹೋಗಿ ಕೂರಲು ಅವರಿಗೆ ಆಗುತ್ತದೆಯೇ? ಕೊಳೆಗೇರಿಗಳಲ್ಲಿ ಒಂದು ಹೊಂಗೆ ಮರವಿದ್ದರೆ ಅಡುಗೆ, ಮಕ್ಕಳ ಆಟ, ಹರಟೆ ಎಲ್ಲ ಅದರ ಕೆಳಗೇ. ಒಂದು ನುಗ್ಗೆ ಗಿಡ ಸಾರಿಗೂ ಆಗುತ್ತದೆ. ಬಿಸಿಲಿಗೆ ಮೈಯೊಡ್ಡಿ ದುಡಿಯುವವರು ಎಲ್ಲಿದ್ದಾರೋ ಅಲ್ಲಿಂದ ನಕ್ಷೆ ಶುರುವಾಗಲಿ.

ನೀರಿನ ಮಾತೂ ಪೂರ್ತಿ ತಗ್ಗಿನದ್ದಲ್ಲ. ಕೆಳಗೆ ನುಗ್ಗುವ ನೀರು ಮೇಲೆ ಬಿದ್ದದ್ದೇ ತಾನೆ? ದಿಣ್ಣೆಯ ಮೇಲೆ ಕಾಂಕ್ರೀಟು ಹಾಕಿ, ಮರದ ಬುಡಕ್ಕೂ ಸಿಮೆಂಟು ಬಳಿದು, ಕೆಳಗೆ ಎಷ್ಟು ಅಗಲದ ಹಸಿರು ಪಟ್ಟಿ ಮಾಡಿದರೂ ಸಾಲದು. ಶಾಲೆಯ ಅಂಗಳದಲ್ಲಿ ಇಂಗುಗುಂಡಿ, ಫುಟ್‌ಪಾತಿನಲ್ಲಿ ಮಣ್ಣಿನ ಪಾತಿ ಇದ್ದರೆ ಮಳೆ ಬಿದ್ದಲ್ಲೇ ಒಂದಿಷ್ಟು ನಿಲ್ಲುತ್ತದೆ.

ಇನ್ನೊಂದು ಮಾತು. ಕಾಲುವೆ ಬದಿಯಲ್ಲಿ ಕೂಲಿ ಮಾಡುವವರ ಮನೆಗಳೂ ಇವೆ. ಹಸಿರು ಪಟ್ಟಿ ಎಂದು ಗೆರೆ ಎಳೆಯುವ ಮೊದಲು, ಅವರಿಗೆ ಎಲ್ಲಿ ಮನೆ ಕೊಡುತ್ತೇವೆ ಎಂಬುದು ಅದೇ ನಕ್ಷೆಯಲ್ಲಿ ಕಾಣಬೇಕು.