‘ಓಹಾಯೊ’ ಹಾಡಿನ ಕುರಿತು ಒಂದು ಸ್ಪಷ್ಟನೆ

1970ರಲ್ಲಿ ಅಮೆರಿಕದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನಡೆದ ಗೋಲಿಬಾರನ್ನು ಪತ್ರಿಕೆಗಳೆಲ್ಲ ಮುಚ್ಚಿಟ್ಟವು, ನೀಲ್ ಯಂಗ್ ಅವರ ‘ಓಹಾಯೊ’ ಎಂಬ ರಾಕ್ ಹಾಡೇ ಅದನ್ನು ಬಯಲಿಗೆಳೆಯಿತು ಎಂಬ ಸಂದೇಶವೊಂದು ಶಿವಮೊಗ್ಗದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಿದೆ. ನಡೆದದ್ದು ಹೆಚ್ಚುಕಡಿಮೆ ಇದರ ತಿರುಗುಮುರುಗು. ಮೇ 4ರಂದು ನ್ಯಾಷನಲ್ ಗಾರ್ಡ್ ಎಂಬ ಮೀಸಲು ಪಡೆಯ ಸೈನಿಕರು 13 ಸೆಕೆಂಡುಗಳಲ್ಲಿ 67 ಗುಂಡು ಹಾರಿಸಿ ನಾಲ್ವರು ವಿದ್ಯಾರ್ಥಿಗಳನ್ನು ಕೊಂದ ಸುದ್ದಿ ಕೂಡಲೇ ದೇಶವೆಲ್ಲ ಹರಡಿತ್ತು. ಶವದ ಪಕ್ಕ ಮಂಡಿಯೂರಿ, ಎರಡೂ ತೋಳು ಚಾಚಿ ಚೀರುತ್ತಿರುವ 14 ವರ್ಷದ ಹುಡುಗಿಯ ಚಿತ್ರ ಪತ್ರಿಕೆಗಳಲ್ಲಿ ಅಚ್ಚಾಗಿ, ಅದನ್ನು ತೆಗೆದ ಜಾನ್ ಫಿಲೋ ಅವರಿಗೆ ಮರುವರ್ಷ ಪುಲಿಟ್ಜರ್ ಪ್ರಶಸ್ತಿಯೂ ಬಂತು. ಯಂಗ್ ಹಾಡು ಬರೆದದ್ದೇ ‘ಲೈಫ್’ ಪತ್ರಿಕೆಯಲ್ಲಿ ಆ ಘಟನೆಯ ಚಿತ್ರಗಳನ್ನು ಕಂಡ ಮೇಲೆ.

ಹಾಗೆಂದು ಮಾಧ್ಯಮಗಳ ಮೇಲಿನ ಅನುಮಾನಕ್ಕೆ ಬುಡವೇ ಇಲ್ಲವೆಂದಲ್ಲ. ತುರ್ತುಪರಿಸ್ಥಿತಿಯ ಸೆನ್ಸಾರ್ ಕಂಡ ನಮ್ಮೂರ ಹಿರಿಯರು ಇಂಥ ಮಾತನ್ನು ಬೇಗ ನಂಬಿದರೆ ಆಶ್ಚರ್ಯವಿಲ್ಲ. ಕೆಂಟ್ ಭಾಗದ್ದೇ ಒಂದು ಪತ್ರಿಕೆ ಅಂದು ಇಬ್ಬರು ಸೈನಿಕರೂ ಸತ್ತರೆಂದು ತಪ್ಪಾಗಿ ಅಚ್ಚುಹಾಕಿತ್ತು. ಅಂದಿನ ಅಮೆರಿಕ ಅಧ್ಯಕ್ಷ ನಿಕ್ಸನ್ ಹೆಸರೆತ್ತಿದ ಈ ಹಾಡನ್ನು ಕೆಲವು ರೇಡಿಯೊ ಕೇಂದ್ರಗಳು ಬಿತ್ತರಿಸಲೂ ಇಲ್ಲ. ಆದರೆ ಇವು ಯಾವುವೂ ಸುದ್ದಿಯನ್ನು ಮುಚ್ಚಿಟ್ಟದ್ದಕ್ಕೆ ಸಾಕ್ಷಿಯಾಗುವುದಿಲ್ಲ. ‘ಪತ್ರಿಕೆಗಳು ತೋರಿಸದ ಚಿತ್ರ’ ಎಂಬ ಒಕ್ಕಣೆಯೊಂದಿಗೆ ಈಗ ಹರಿದಾಡುತ್ತಿರುವುದು ಕೂಡ ಫಿಲೋ ಅವರ ಅದೇ ಚಿತ್ರ.