ಹಳೆ ಟೈರಿಗೆ ಹೊಸ ಅಟ್ಟೆ

ನಮ್ಮ ಚಿಕ್ಕಪ್ಪ ಒಂದೇ ಜೊತೆ ಚಪ್ಪಲಿಗೆ ಮೂರು ಸಲ ಅಟ್ಟೆ ಹಾಕಿಸಿದವರು. ಅಂಥವರು ತೋಟದ ಜೀಪಿಗೆ ಸುಮ್ನೆ ಹೊಸ ಟೈರ್ ತರುತ್ತಾರಾ? ಮಳೆಗಾಲಕ್ಕೆ ಮುಂಚೆ ಹಿಂದಿನ ಎರಡೂ ಬೋಳಾದವು. ‘ಬಟನ್ ಹಾಕಿಸಿದರಾಯ್ತು’ ಅಂದರು. ಅಂದರೆ ಸವೆದ ಟೈರಿನ ಮೇಲೆ ಅಚ್ಚಿರುವ ಹೊಸ ರಬ್ಬರ್ ಕೂರಿಸುವುದು.

ನಾನು ಬೇಡ ಅಂದೆ. ಶಿರಾಡಿ ಘಾಟಿಯಲ್ಲಿ ರಸ್ತೆ ಬದಿಗೆ ಬಿದ್ದಿರುವ ಲಾರಿ ಟೈರಿನ ಸಿಪ್ಪೆಗಳು ಕಣ್ಣಮುಂದೆ ಬಂದವು. ‘ನೀನು ಹತ್ತೋ ಸರ್ಕಾರಿ ಬಸ್ಸಿನ ಹಿಂದಿನ ಚಕ್ರ ನೋಡಿದೀಯಾ? ವಿಮಾನದ ಟೈರಿಗೂ ಹೊಸ ರಬ್ಬರ್ ಹಾಕ್ತಾರೆ ಕಣೋ, ಅದೂ ಎಷ್ಟೋ ಸಲ.’ ಅದು ನಿಜವೇ. ಸಿಪ್ಪೆ ಏಳುವುದು ಬಹಳ ಮಟ್ಟಿಗೆ ಕಾವಿಗೆ. ಗಾಳಿ ಕಡಿಮೆ ಇದ್ದು, ಲೋಡು ಜಾಸ್ತಿಯಾಗಿ, ಜೋರಾಗಿ ಓಡಿಸಿದರೆ ಹೊಸ ಟೈರೂ ಸುಲಿಯುತ್ತದೆ. ನಮ್ಮ ಜೀಪು ತೋಟದೊಳಗೆ ಇಪ್ಪತ್ತರ ಮೇಲೆ ಹೋದರೆ ಮೂಟೆಯ ಮೇಲೆ ಕೂತವರು ನೆಲದ ಮೇಲಿರುತ್ತಾರೆ. ಕಾವೇರುವುದು ಎಲ್ಲಿಂದ ಬಂತು?

ಟೈರ್ ಅಂಗಡಿಯ ಸಾಬ್ರು ಟೈರಿನೊಳಗೆ ತಲೆ ಹಾಕಿ ಬ್ಯಾಟರಿ ಬಿಟ್ಟು ನೋಡಿದರು. ಪಕ್ಕೆಯನ್ನು ಹೆಬ್ಬೆಟ್ಟಿನಿಂದ ಒತ್ತುತ್ತಾ ಒಂದು ಸುತ್ತು ಬಂದರು, ಸಂತೆಯಲ್ಲಿ ಎತ್ತು ಕೊಳ್ಳುವವರ ಹಾಗೆ. ‘ಎಲ್ಲರೂ ಪಾದ ನೋಡ್ತಾರೆ ಗೌಡ್ರೆ. ನೋಡ್ಬೇಕಾದ್ದು ಪಕ್ಕೆ.’ ಹೊಸ ರಬ್ಬರ್ ಬೀಳುವುದು ನೆಲ ಮುಟ್ಟುವ ಕಡೆಗೆ ಮಾತ್ರ. ತೋಟದ ದಾರಿಯ ಕಲ್ಲು ಕಚ್ಚುವುದು ಪಕ್ಕೆಗೆ. ಅಲ್ಲಿ ಉಬ್ಬಿದ್ದರೆ, ಸೀಳಿ ದಾರ ಕಂಡರೆ, ಮೇಲೆ ಏನು ಹಾಕಿಸಿದರೂ ದಂಡ.

ನಮ್ಮವೆರಡೂ ಪಾಸಾದವು. ಮೆಷಿನ್ನಿಗೆ ಕೊಟ್ಟು ಉಜ್ಜಿದಾಗ ಕರಿ ಕೊಬ್ಬರಿ ತುರಿದ ಹಾಗೆ ಪುಡಿ ಉದುರಿತು. ಅದಕ್ಕೆ ಗಮ್ಮು, ಅದರ ಮೇಲೆ ಅಚ್ಚು ಮೂಡಿದ ರಬ್ಬರ್ ಪಟ್ಟಿ, ಮೇಲೊಂದು ರಬ್ಬರ್ ಚೀಲ. ಆಮೇಲೆ ದೊಡ್ಡ ಉಕ್ಕಿನ ಹಂಡೆಯಂಥದರಲ್ಲಿ ಗಂಟೆಗಟ್ಟಲೆ ಬೇಯಿಸಿದರು. ಕಾವು 100 ಡಿಗ್ರಿಯ ಆಸುಪಾಸು. ಹೆಚ್ಚುಕಡಿಮೆ ಇಡ್ಲಿಯ ಲೆಕ್ಕ! ಬಿಲ್ಲು ಹೊಸದರ ಅರ್ಧಕ್ಕೂ ಕಡಿಮೆ. ಚಿಕ್ಕಪ್ಪ ದಾರಿಯುದ್ದಕ್ಕೂ ಹಿಂದೆ ತಿರುಗಿ ತಿರುಗಿ ಟೈರ್ ನೋಡಿದರು.

ಕೆಸರಿನಲ್ಲಿ ಜೀಪು ಏನು ಹಿಡಿತವಪ್ಪಾ! ಎಡವಟ್ಟಾಗಿದ್ದು ಟಾರು ರಸ್ತೆಗೆ ಬಂದ ಮೇಲೆ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಕೊಡುವ ಫೋರ್ ವೀಲ್ ತೆಗೆಯಲು ಹೋದರೆ ಅದರ ಲಿವರ್ ಅಲ್ಲಾಡಲೇ ಇಲ್ಲ. ಹಿಂದಿನವು ಹೊಸ ಬಟನ್ನಿನಿಂದ ದಪ್ಪ, ಮುಂದಿನವು ಅರ್ಧ ಸವೆದು ಸಣ್ಣ. ಒಂದೇ ದೂರಕ್ಕೆ ಮುಂದಿನವು ಜಾಸ್ತಿ ಸುತ್ತು ಹಾಕಬೇಕು. ಫೋರ್ ವೀಲ್ ಹಾಕಿದಾಗ ಗೇರುಗಳು ಹಿಂದಿನದನ್ನೂ ಮುಂದಿನದನ್ನೂ ಒಂದೇ ಸಮ ತಿರುಗಿಸುತ್ತವೆ. ಕೆಸರಿನಲ್ಲಿ ಚಕ್ರ ಜಾರಿ ಆ ವ್ಯತ್ಯಾಸ ಹೇಗೋ ಸರಿಹೋಗುತ್ತದೆ. ಟಾರಿನ ಮೇಲೆ ಜಾರುವುದಿಲ್ಲವಲ್ಲ, ಗೇರುಗಳು ಒಂದನ್ನೊಂದು ಕಚ್ಚಿಕೊಂಡು ಕೂತಿದ್ದವು. ನಾಲ್ಕು ಮಾರು ರಿವರ್ಸ್ ತೆಗೆದ ಮೇಲೆ ಲಿವರ್ ಟಕ್ ಅಂತ ಬಿಟ್ಟಿತು.

ಹಾಗಾಗಿ ಮುಂದಿನವೂ ಸಾಬ್ರ ಹತ್ತಿರ ಹೋದವು. ಸುತ್ತಳತೆ ನಾಲ್ಕಕ್ಕೂ ಒಂದೇ ಇರಲಿ ಅಂತ. ಒಂದನ್ನು ಇಟ್ಟುಕೊಂಡರು. ಇನ್ನೊಂದರ ಪಕ್ಕೆಗೆ ಹೆಬ್ಬೆಟ್ಟು ಒತ್ತಿ ಅಲ್ಲೇ ನಿಂತರು. ಬೆರಳುದ್ದ ಸೀಳು, ಒಳಗೆ ಬಿಳಿ ದಾರ. ‘ಇದು ಮಕ್ಕಳಿಗೆ ಗೌಡ್ರೆ.’

ಚಿಕ್ಕಪ್ಪ ಅರ್ಧ ಗಂಟೆ ವಾದ ಮಾಡಿದರು, ಬಟನ್ ಇನ್ನೂ ಇದೆಯಲ್ಲ ಅಂತ. ಕೊನೆಗೆ ಅದು ಅಂಗಳದ ಹಲಸಿನ ಮರದಲ್ಲಿ ಉಯ್ಯಾಲೆಯಾಯಿತು. ಈಗಲೂ ಅದರ ಪಕ್ಕ ಹಾಯುವಾಗ ಒಮ್ಮೆ ಬಟನ್ನಿನ ಸಂದಿಗೆ ಉಗುರು ಹಾಕಿ ಆಳ ನೋಡಿಯೇ ಮುಂದೆ ಹೋಗುತ್ತಾರೆ.